‘ನಿರೋಧಕ’ ಎಂಬ ಒಂದೇ ಪದಕ್ಕೆ ಎಷ್ಟು ಹೊರೆ?

ಎಲ್ಲರಿಗೂ ನಮಸ್ಕಾರ.

ಧೂಳು, ನೀರು, ಆಮ್ಲದ ಆವಿ ತುಂಬಿದ ಜಾಗಗಳಲ್ಲಿ ಮೋಟಾರ್ ನಡೆಸುವ ಸ್ವಿಚ್, ಸ್ಟಾರ್ಟರ್‌ಗಳನ್ನು ಆರಿಸುವ ಬಗೆಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ, ಟ್ರಿಪ್ ಇಂಥ ಇಂಗ್ಲಿಷ್ ಪದಗಳನ್ನೆಲ್ಲ ಹಾಗೇ ಉಳಿಸಿದ್ದೇನೆ. ‘ಮೋಟಾರ್ ಟ್ರಿಪ್ ಆಯ್ತು’ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ, ಅಲ್ಲಿ ಹೊಸ ಪದ ಕಟ್ಟುವ ಹಟ ನನಗಿಲ್ಲ. ತೊಡಕಿರುವುದು ‘ನಿರೋಧಕ’ದಲ್ಲಿ.

ಧೂಳುನಿರೋಧಕ, ಜಲನಿರೋಧಕ, ತುಕ್ಕುನಿರೋಧಕ, ಸ್ಫೋಟನಿರೋಧಕ. ಸಾಲದ್ದಕ್ಕೆ ಸುರುಳಿಯ ಇನ್ಸುಲೇಷನ್ನನ್ನೂ ನಿರೋಧಕ ಎನ್ನುವವರಿದ್ದಾರೆ.

ಸ್ವಿಚ್, ಸ್ಟಾರ್ಟರ್ ಕೂರಿಸುವ ಪೆಟ್ಟಿಗೆಯ ಮೇಲಿನ ಐಪಿ ಸಂಖ್ಯೆಯನ್ನೇ ನೋಡಿ. ಪೆಟ್ಟಿಗೆ ಧೂಳನ್ನೂ ನೀರನ್ನೂ ಎಷ್ಟು ತಡೆಯುತ್ತದೆ ಎಂದು ಹೇಳುವ ಎರಡು ಅಂಕಿಗಳ ಗುರುತು ಅದು. ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಮೊದಲ ಅಂಕಿ 5 ಇದ್ದರೆ ಸ್ವಲ್ಪ ಧೂಳು ಒಳಗೆ ಹೋಗಬಹುದು, ಉಪಕರಣದ ಕೆಲಸ ಕೆಡಿಸುವಷ್ಟು ಹೋಗಬಾರದು. 6 ಇದ್ದರೆ ಧೂಳು ಹೋಗಲೇಬಾರದು. ಲೋಹದ ಪುಡಿ ಹಾರಾಡುವಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಎರಡನ್ನೂ ಧೂಳುನಿರೋಧಕ ಎಂದುಬಿಟ್ಟರೆ ಓದುಗ ಯಾವುದನ್ನು ಕೊಳ್ಳಬೇಕು? 5ಕ್ಕೆ ‘ಧೂಳು ತಡೆಯುವ’, 6ಕ್ಕೆ ‘ಧೂಳು ನುಸುಳದ’ ಎಂದು ಬರೆದಿದ್ದೇನೆ. ‘ಧೂಳುಬಿಗಿ’ ಚಿಕ್ಕದು, ಆದರೆ ಅದರಲ್ಲಿ ಇಂಗ್ಲಿಷಿನ ‘ಡಸ್ಟ್-ಟೈಟ್’ನ ನೆರಳು ಕಾಣುತ್ತದೆ.

ನೀರಿನ ವಿಷಯಕ್ಕೆ ನಮ್ಮ ಕ್ರಿಯಾಪದಗಳೇ ಸಾಕು ಅನ್ನಿಸುತ್ತದೆ. ಎರಡನೆಯ ಅಂಕಿ 1 ಎಂದರೆ ಮೇಲಿನಿಂದ ತೊಟ್ಟಿಕ್ಕುವ ನೀರು, 4 ಎಂದರೆ ಎಲ್ಲ ಕಡೆಯಿಂದ ಸಿಡಿಯುವ ನೀರು, 5 ಮತ್ತು 6 ಕೊಳವೆಯಿಂದ ರಾಚುವ ನೀರು, 7 ಎಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸಿಡುವುದು. ಇಲ್ಲೊಂದು ಸೂಕ್ಷ್ಮವಿದೆ: ಮುಳುಗಿದರೂ ತಾಳುವ ಪೆಟ್ಟಿಗೆ ರಾಚುವ ನೀರನ್ನು ತಾಳಿಯೇ ತಾಳುತ್ತದೆ ಎಂದೇನಿಲ್ಲ. ಎರಡೂ ಪರೀಕ್ಷೆ ಗೆದ್ದಿದ್ದರೆ ಐಪಿ66/ಐಪಿ67 ಎಂದು ಎರಡನ್ನೂ ನಮೂದಿಸುತ್ತಾರೆ. ‘ಜಲನಿರೋಧಕ’ ಎಂಬ ದೊಡ್ಡ ಪದ ಇದನ್ನೆಲ್ಲ ಮುಚ್ಚಿಹಾಕುತ್ತದೆ.

ನನ್ನ ಮುಖ್ಯ ಪ್ರಶ್ನೆ ಫ್ಲೇಮ್‌ಪ್ರೂಫ್ ಬಗ್ಗೆ, ಅಂದರೆ ಹೊತ್ತಿಕೊಳ್ಳುವ ಅನಿಲ ಇರುವ ಕಡೆ ಬಳಸುವ ಪೆಟ್ಟಿಗೆಯ ಬಗ್ಗೆ. ಇದನ್ನೇ ‘ಸ್ಫೋಟನಿರೋಧಕ’ ಎನ್ನುವುದುಂಟು. ‘ಸ್ಫೋಟನಿರೋಧಕ’ ಎಂಬುದು ಬರೀ ಸಡಿಲ ಪದವಲ್ಲ, ಅಪಾಯಕಾರಿ ಪದ. ಈ ಬಗೆಯ ಪೆಟ್ಟಿಗೆಯೊಳಗೆ ಅನಿಲ ಹೋಗಬಹುದು, ಕಾಂಟ್ಯಾಕ್ಟಿನ ಕಿಡಿಗೆ ಅದು ಒಳಗೇ ಸ್ಫೋಟಿಸಲೂಬಹುದು. ಆ ಒತ್ತಡವನ್ನು ಪೆಟ್ಟಿಗೆ ತಾಳಿಕೊಳ್ಳಬೇಕು. ಜೋಡಣೆಯ ಕಿರಿದಾದ ಸಂದಿನಲ್ಲಿ ಹೊರಬರುವ ಬಿಸಿ ಅನಿಲ ಹೊರಗಿನ ಅನಿಲಕ್ಕೆ ಬೆಂಕಿ ಹಚ್ಚಲಾರದಷ್ಟು ತಣಿಯಬೇಕು. ಅಂದಮೇಲೆ ಮುಚ್ಚಳದ ಒಂದು ಬೋಲ್ಟ್ ಇಲ್ಲದಿದ್ದರೂ, ಜೋಡಣೆಯ ಮೈ ಗೀರಿದ್ದರೂ ರಕ್ಷಣೆ ಹೋದಂತೆಯೇ. ‘ಇದರಲ್ಲಿ ಸ್ಫೋಟ ಆಗುವುದೇ ಇಲ್ಲ’ ಎಂದು ಓದಿಕೊಂಡವನು ಆ ಬೋಲ್ಟನ್ನು ಯಾಕೆ ಹುಡುಕಿಯಾನು? ‘ಜ್ವಾಲೆ ಹೊರಬಿಡದ’ ಎಂಬುದು ಅರ್ಥಕ್ಕೆ ಸರಿ, ಪೆಟ್ಟಿಗೆಯ ಮೇಲಿನ ಫಲಕಕ್ಕೆ ಉದ್ದ. ‘ಸ್ಫೋಟಧಾರಕ’ ಹೇಗೆ? ಸ್ಫೋಟಕ ತುಂಬಿಟ್ಟ ಪೆಟ್ಟಿಗೆ ಎಂದು ಯಾರಾದರೂ ತಿಳಿದಾರೇ ಎಂಬ ಅಳುಕೂ ಇದೆ.

ಇನ್ನೊಂದು ಚಿಕ್ಕ ಸಂದೇಹ. ಐಪಿ ಸಂಖ್ಯೆ ರಾಸಾಯನಿಕ ಹಾನಿಯ ಬಗ್ಗೆ ಏನೂ ಹೇಳುವುದಿಲ್ಲ, ಅದನ್ನು ಬೇರೆಯಾಗಿಯೇ ಬರೆಯಬೇಕು. ಕಬ್ಬಿಣವಾದರೆ ತುಕ್ಕು ಎನ್ನಬಹುದು. ಆಮ್ಲದ ಆವಿಗೆ ಹೆಡಸಾಗಿ ಬಿರಿಯುವ ರಬ್ಬರ್ ಗ್ಯಾಸ್ಕೆಟ್ಟಿಗೆ ಏನೆನ್ನುವುದು? ‘ಸವೆತ’ ಉಜ್ಜುವಿಕೆಯನ್ನು ನೆನಪಿಸುತ್ತದೆ, ‘ಸಂಕ್ಷಾರಣ’ (ಕರೋಷನ್) ಪಠ್ಯಪುಸ್ತಕದಾಚೆ ಕೇಳಿಬರುವುದಿಲ್ಲ. ಬಳಕೆಯಲ್ಲಿರುವ ಪದ ಗೊತ್ತಿದ್ದವರು ದಯವಿಟ್ಟು ತಿಳಿಸಿ.