ರಾಗಿ ಸರಿ ಬೇಕು, ಡಬ್ಬಿ ಹಾಲು ಬೇಡ: ಏಳೂವರೆ ತಿಂಗಳ ಪಾಪು, ನಿಮ್ಮ ಅನುಭವ ಹೇಳಿ

ಕೇಳಿದವರು, ತುಮಕೂರು

ನನ್ನ ಮಗಳಿಗೆ ಏಳೂವರೆ ತಿಂಗಳು. ನನಗೆ ಎದೆಹಾಲು ಸಾಲದೆ ಎರಡನೇ ತಿಂಗಳಿಂದ ಡಬ್ಬಿ ಹಾಲೇ ಆಧಾರ. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ ಶುರು ಮಾಡಿದೆವು. ಮೊದಲ ವಾರ ಉಗುಳಿದಳು, ಆಮೇಲೆ ರುಚಿ ಹತ್ತಿತು. ಈಗ ಬಟ್ಟಲು ಕಂಡರೆ ಕೈಕಾಲು ಬಡೀತಾಳೆ, ಬಾಟಲಿ ಕಂಡರೆ ಮುಖ ತಿರುಗಿಸ್ತಾಳೆ. ದಿನಕ್ಕೆ 800 ಎಂಎಲ್ ಕುಡೀತಿದ್ದವಳು ಈಗ 350 ದಾಟಿದರೆ ಹೆಚ್ಚು, ಅದರಲ್ಲೂ ಅರ್ಧ ನಿದ್ದೆಗಣ್ಣಲ್ಲಿ. ಜ್ವರ ಇಲ್ಲ, ಆಟ ಚೆನ್ನಾಗಿ ಆಡ್ತಾಳೆ. ಅತ್ತೆ "ಊಟ ಮಾಡ್ತಾಳಲ್ಲ, ಬಿಡು" ಅಂತಾರೆ. ಅಮ್ಮ ಫೋನಲ್ಲಿ "ಹಸುವಿನ ಹಾಲು ಹಾಕಿ ನೋಡು" ಅಂತಾರೆ. ನನಗೆ ರಾತ್ರಿಯೆಲ್ಲ ಎಂಎಲ್ ಲೆಕ್ಕವೇ. ನಿಮ್ಮ ಮಕ್ಕಳಿಗೂ ಹೀಗಾಗಿತ್ತಾ? ಏನು ಮಾಡಿದಿರಿ?

ಎರಡು ಮಕ್ಕಳ ತಾಯಿ, ಮೈಸೂರು

ಮೊದಲು ಒಂದು ಹೇಳಿ: ಸರಿ ದಿನಕ್ಕೆ ಎಷ್ಟು ಸಲ, ಯಾವ ಹೊತ್ತಿಗೆ, ಎಷ್ಟು ಗಟ್ಟಿ?

ಯಾಕೆ ಕೇಳಿದೆ ಅಂದರೆ ನನ್ನ ದೊಡ್ಡ ಮಗನ ಕಥೆಯೂ ಇದೇ. ಬೆಳಿಗ್ಗೆ ಎದ್ದ ಕೂಡಲೇ ಅವನಿಗೆ ಸ್ನಾನ, ಸ್ನಾನ ಆದ ಮೇಲೆ ಒಂದು ಬಟ್ಟಲು ಸರಿ, ಅದಾಗಿ ಅರ್ಧ ಗಂಟೆಗೆ ಬಾಟಲಿ. ಕುಡಿಯಲಿಲ್ಲ ಅಂತ ನಾನು ಅಳೋದು. ಹೊಟ್ಟೆ ತುಂಬಿದ ಮಗು ಎಲ್ಲಿಂದ ಕುಡಿಯುತ್ತೆ? ನಮ್ಮ ಡಾಕ್ಟರ್ ಸಮಯದ ಚೀಟಿ ನೋಡಿ ನಕ್ಕರು. ಎದ್ದ ಕೂಡಲೇ ಹಾಲು, ಒಂದೂವರೆ ಗಂಟೆ ಬಿಟ್ಟು ಸರಿ, ಮಧ್ಯಾಹ್ನ ನಿದ್ದೆಯಿಂದ ಎದ್ದಾಗ ಮತ್ತೆ ಹಾಲು, ಅಂತ ತಿರುಗಿಸಿ ಬರೆದುಕೊಟ್ಟರು. ಐದಾರು ದಿನಕ್ಕೆ 150 ಎಂಎಲ್ ಹೆಚ್ಚಿತು. ಬೇರೆ ಯಾವ ಔಷಧಿಯೂ ಇಲ್ಲ.

ಅವರು ಹೇಳಿದ ಇನ್ನೊಂದು ಮಾತು ಕಿವಿಯಲ್ಲಿ ಉಳಿದಿದೆ. ಆರರಿಂದ ಎಂಟು ತಿಂಗಳಲ್ಲಿ ಊಟದಿಂದ ಬೇಕಾಗೋದು ದಿನಕ್ಕೆ ಸುಮಾರು 200 ಕ್ಯಾಲೊರಿ ಅಷ್ಟೇ, ಮಿಕ್ಕಿದ್ದೆಲ್ಲ ಹಾಲಿನದೇ. ಡಬ್ಬಿ ಹಾಲಿನಲ್ಲಿ 100 ಎಂಎಲ್‌ಗೆ 65ರಿಂದ 70 ಕ್ಯಾಲೊರಿ ಇರುತ್ತೆ. ನಾವು ಮಾಡೋ ನೀರು ನೀರಾದ ಸರಿಯಲ್ಲಿ ಅಷ್ಟು ಇರಲ್ಲ. ಹೊಟ್ಟೆ ತುಂಬುತ್ತೆ, ಮೈಗೆ ಹತ್ತಲ್ಲ. ಈ ವಯಸ್ಸಿಗೆ ದಿನಕ್ಕೆ ಎರಡು ಮೂರು ಸಲ, ಒಂದೊಂದು ಸಲ ಎರಡು ಮೂರು ದೊಡ್ಡ ಚಮಚದಿಂದ ಶುರು ಮಾಡಿ ನಿಧಾನಕ್ಕೆ ಅರ್ಧ ಕಪ್. ನಾವು ಆಸೆಗೆ ಬಿದ್ದು ಒಂದು ಬಟ್ಟಲು ತುಂಬ ತುರುಕ್ತೀವಿ, ಅದೂ "ಎಷ್ಟು ಚೆನ್ನಾಗಿ ತಿಂದ" ಅಂತ ಯಾರಾದರೂ ಹೊಗಳಿದರೆ ಮುಗೀತು.

ಧಾರವಾಡದ ಅಕ್ಕ

ನಮ್ಮ ಹುಡುಗಗೂ ಹಿಂಗ ಆಗಿತ್ರಿ. ಆದ್ರ ತಪ್ಪು ಕೂಸಿಂದಲ್ಲ, ನಮ್ದ ಇತ್ತು. ಅದನ್ನ ಹೇಳೂದಕ್ಕ ನಾಚಿಕಿ ಆಗತೈತಿ, ಆದ್ರೂ ಹೇಳ್ತೀನಿ.

ಎಂಟನೇ ತಿಂಗಳಿನ್ಯಾಗ ಹಾಲು ಬಿಟ್ಟ. ನಮ್ಮ ಮನ್ಯಾಗ ಎಲ್ಲಾರೂ ಕೂಡಿ ಕುಡಸಾಕ ನಿಂತ್ವಿ. ಒಬ್ರು ಕೈ ಹಿಡಿಯೂದು, ಒಬ್ರು ಗಿಲಗಚ್ಚಿ ಅಲ್ಲಾಡ್ಸೂದು, ನಾ ಬಾಟ್ಲಿ ಬಾಯಾಗ ಇಡೂದು. ಬಾಯಿ ಮುಚ್ಚಿದ್ರ ಕಾಲಮ್ಯಾಲ ಮಲಗಿಸಿಕೊಂಡು ಚಮಚದಿಂದ ಹಾಕೂದು. ಒಂದ ವಾರದಾಗ ಏನಾತು ಅಂದ್ರ, ಬಾಟ್ಲಿ ತೊಳಿಯೂ ಸಪ್ಪಳ ಕೇಳಿದ್ರನ ಅಳಾಕ ಶುರು ಮಾಡ್ದ. ಎತ್ತಿಕೊಂಡ್ರ ಮೈ ಬಿಲ್ಲಿನಂಗ ಬಗ್ಗಸ್ತಿದ್ದ. ಒಂದ ದಿನ ನೆತ್ತಿಗಿ ಹತ್ತಿ ಮುಖ ಕೆಂಪಗಾತು. ಅವತ್ತ ನನ್ನ ಜೀವಾನ ಹೋದಂಗ ಆತು. ಡಾಕ್ಟರು ಬಾಳ ಬೈದ್ರು: ಒತ್ತಾಯದಿಂದ ಹಾಕಿದ ಹಾಲು ಶ್ವಾಸನಾಳಕ್ಕ ಹೋದ್ರ ನಿಮೋನಿಯಾ ಆಕ್ಕೈತಿ, ಹಾಲು ಕಡಿಮಿ ಕುಡದ್ರ ಅಷ್ಟು ಲಗೂನ ಏನೂ ಆಗೂದಿಲ್ಲ ಅಂತ.

ಆಮ್ಯಾಲ ನಾಲ್ಕ ದಿನ ನಾ ಗಟ್ಟಿ ಮನಸ ಮಾಡಿದೆ. ಬಾಟ್ಲಿ ತೋರ್ಸೂದು, ಮುಖ ತಿರುಗಿಸಿದ್ರ ಸುಮ್ನ ಎತ್ತಿ ಇಡೂದು. ಹಾಡಿಲ್ಲ, ಮೊಬೈಲ್ ಇಲ್ಲ, ಟಿವಿ ಇಲ್ಲ. ಕತ್ತಲಿ ಖೋಲ್ಯಾಗ ನಾ ಒಬ್ಬಾಕಿನ. ಎರಡನೇ ದಿನ ಬರೇ 250 ಕುಡದ. ನಮ್ಮತ್ತಿ ನನ್ನ ಕೂಡ ಮಾತ ಬಿಟ್ರು! ನಾಲ್ಕನೇ ದಿನ ತಾನ ಕೈ ಚಾಚಿದ. ಮೊದಲಿನಂಗ 500ಕ್ಕ ಬರಾಕ ಎರಡ ವಾರ ಹಿಡೀತು. ಆದ್ರ ಇದನ್ನ ಡಾಕ್ಟರಿಗಿ ಕೇಳಿಕೊಂಡ ಮಾಡ್ರಿ, ತೂಕ ಮೊದ್ಲ ಕಡಿಮಿ ಇದ್ರ ಹಿಂಗ ಕಾಯೂದು ಬ್ಯಾಡ.

ಒಬ್ಬ ಅಪ್ಪ, ಬೆಂಗಳೂರು

ನಾನು ಎಕ್ಸೆಲ್ ಹಾಳೆ ಇಟ್ಟಿದ್ದೆ (ನಗಬೇಡಿ). ಯಾವ ಹೊತ್ತಿಗೆ ಎಷ್ಟು, ಎಷ್ಟು ನಿಮಿಷ ಅಂತೆಲ್ಲ. ಕೊನೆಗೆ ಕಂಡಿದ್ದು ಇಷ್ಟು: 120 ಎಂಎಲ್‌ಗೆ 40 ನಿಮಿಷ. ನಿಪ್ಪಲ್ ನೋಡಿದರೆ ಹುಟ್ಟಿದಾಗ ತಂದಿದ್ದೇ, ಸಣ್ಣ ತೂತಿನದು. ಚಮಚದಲ್ಲಿ ಗಬಗಬ ತಿನ್ನೋಕೆ ಕಲಿತವನಿಗೆ ಅದನ್ನು ಚೀಪೋಕೆ ತಾಳ್ಮೆ ಎಲ್ಲಿ? ವಯಸ್ಸಿಗೆ ತಕ್ಕ ನಿಪ್ಪಲ್ ಹಾಕಿದ ದಿನವೇ ಕಾಲು ಗಂಟೆಯಲ್ಲಿ ಮುಗಿಸಿದ.

ಇನ್ನೊಂದು ತಪ್ಪು ಮಾಡೋಕೆ ಹೊರಟಿದ್ದೆ: ಕಡಿಮೆ ಕುಡಿಯುತ್ತಾನಲ್ಲ, ಪುಡಿ ಒಂದು ಚಮಚ ಜಾಸ್ತಿ ಹಾಕೋಣ ಅಂತ. ಹೆಂಡತಿ ತಡೆದಳು. ಮಂದ ಮಾಡಿದರೆ ಮಗುವಿನ ಕಿಡ್ನಿಗೆ ಭಾರ, ನೀರಿನಂಶ ಸಾಲದು, ಮಲವೂ ಕಟ್ಟುತ್ತೆ. ಡಬ್ಬಿ ಮೇಲಿರೋ ಅಳತೆಯೇ ಅಳತೆ. ಬಾಟಲಿ ಹಾಲಿಗೆ ಸರಿ ಹಿಟ್ಟು ಬೆರೆಸೋದೂ ಬೇಡ.

ಪುತ್ತೂರಿನ ಅಜ್ಜಿ (ಬರೆದುಕೊಟ್ಟದ್ದು ಸೊಸೆ)

ನಮ್ಮ ಕಾಲದಲ್ಲಿ ಡಬ್ಬಿಯೂ ಇರಲಿಲ್ಲ, ಎಂಎಲ್ಲೂ ಇರಲಿಲ್ಲ. ನನ್ನ ಮೂರು ಮಕ್ಕಳೂ ನೀರು ಬೆರೆಸಿದ ದನದ ಹಾಲಿನಲ್ಲೇ ದೊಡ್ಡವರಾದರು. ಈಗ ಡಾಕ್ಟರು ವರ್ಷ ತುಂಬುವವರೆಗೆ ಬೇಡ ಎನ್ನುತ್ತಾರೆ, ಮೊಮ್ಮಗುವಿಗೆ ನಾನೂ ಕೊಡಲಿಲ್ಲ. ಹೇಳಲು ಬಂದದ್ದು ಬೇರೆ. ರಾಗಿ ನೆನೆಸಿ ಅರೆದು, ಬಟ್ಟೆಯಲ್ಲಿ ಸೋಸಿ, ಆ ಹಾಲನ್ನು ಕಾಯಿಸಿ ಮಣ್ಣಿ ಮಾಡುತ್ತೇವಲ್ಲ, ಅದನ್ನು ಬೆಲ್ಲ ಹಾಕದೆ ಸ್ವಲ್ಪ ಗಟ್ಟಿಯಾಗಿಯೇ ಬೇಯಿಸಿ. ಉಗುರು ಬೆಚ್ಚಗಾದ ಮೇಲೆ, ಅಳತೆ ಪ್ರಕಾರ ಮಾಡಿದ ಡಬ್ಬಿ ಹಾಲು ಹಾಕಿ ಕದಡಿ ಕೊಡಿ. ಬಾಟಲಿಯಲ್ಲಿ ಹೋಗದ 60 ಎಂಎಲ್ ಚಮಚದಲ್ಲಿ ಹೋಗುತ್ತದೆ. ಸಿಹಿ ಹಾಕಿ ರುಚಿ ಹಿಡಿಸಿದರೆ ಸಪ್ಪೆ ಹಾಲು ಇನ್ನು ಯಾಕೆ ಬೇಕು ಅದಕ್ಕೆ? ಜೇನು ಅಂತೂ ವರ್ಷದೊಳಗೆ ಮುಟ್ಟಿಸಲೇಬಾರದಂತೆ.

ಮೈಸೂರಿನವರೇ ಮತ್ತೆ

ಅಜ್ಜಿ ಹೇಳಿದ್ದು ನಿಜ. ಹಸುವಿನ ಹಾಲು ಯಾಕೆ ಬೇಡ ಅನ್ನೋದನ್ನು ನಿಮ್ಮ ಅಮ್ಮನಿಗೆ ಹೀಗೆ ಹೇಳಿ: ಅದರಲ್ಲಿ ಕಬ್ಬಿಣದಂಶ ತೀರಾ ಕಡಿಮೆ, ಚಿಕ್ಕ ಮಕ್ಕಳ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರೋಕೂ ಕಾರಣ ಆಗಬಹುದು. ಡಬ್ಬಿ ಹಾಲಿಗೆ ಕಬ್ಬಿಣ ಸೇರಿಸಿರ್ತಾರೆ. ಅಂದರೆ ನಿಮ್ಮ ಮಗಳ ಹಾಲು ಅರ್ಧಕ್ಕಿಳಿದರೆ ಕಬ್ಬಿಣವೂ ಅರ್ಧಕ್ಕಿಳೀತು. ನಾನಾಗಿದ್ದರೆ ಎಂಎಲ್‌ಗಿಂತ ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ತಿದ್ದೆ.

ರಾಗಿಯಲ್ಲಿ ಎಲ್ಲ ಇದೆ ಅಂತ ನಾವು ನಂಬಿದ್ದೀವಿ. ಸುಣ್ಣದಂಶ ನಿಜಕ್ಕೂ ಹೇರಳ, 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು. ಕಬ್ಬಿಣ ಮಾತ್ರ ನಾಲ್ಕೈದು ಮಿಲಿಗ್ರಾಂ, ಅದೂ ರಾಗಿಯಲ್ಲಿರೋ, ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳೋ ಫೈಟೇಟ್ ಅನ್ನೋ ಅಂಶದಿಂದಾಗಿ ಪೂರ್ತಿ ಮೈಗೆ ಸೇರಲ್ಲ. ಮೊಳಕೆ ಕಟ್ಟಿ ಒಣಗಿಸಿ ಹುರಿದು ಮಾಡಿದ ಹಿಟ್ಟಿನಲ್ಲಿ ಈ ತೊಂದರೆ ಕಡಿಮೆ, ಹಿಟ್ಟು ಹೆಚ್ಚು ಹಾಕಿದರೂ ಸರಿ ಅಂಟಂಟಾಗದೆ ತೆಳ್ಳಗೆ ಬರುತ್ತೆ. ನಮ್ಮ ಹಿರಿಯರು ಮೊಳಕೆ ಕಟ್ಟಿದ್ದು ಸುಮ್ಮನೆ ಅಲ್ಲ. ಬರೀ ರಾಗಿ ಅಂತ ಕೂರದೆ ಬೇಳೆ, ಸೊಪ್ಪು, ತಿನ್ನೋರಾದರೆ ಮೊಟ್ಟೆ, ಮೀನು, ಮಾಂಸ ಎಲ್ಲ ನುಣ್ಣಗೆ ಮಾಡಿ ಶುರು ಮಾಡಿ. ಆರು ತಿಂಗಳಿಂದ ವಾರಕ್ಕೆರಡು ಸಲ 1 ಎಂಎಲ್ ಕಬ್ಬಿಣದ ಸಿರಪ್ ಸರ್ಕಾರದ್ದೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ, ಆದರೆ ಡಾಕ್ಟರು ಬೇರೆ ಡ್ರಾಪ್ಸ್ ಕೊಟ್ಟಿದ್ದರೆ ಎರಡನ್ನೂ ಸೇರಿಸಿ ಹಾಕಬೇಡಿ.

ಇಂಗ್ಲೆಂಡಿನಲ್ಲಿರುವ ಹಾಸನದವಳು

ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳೋ ಅಂದಾಜು: ಏಳರಿಂದ ಒಂಬತ್ತು ತಿಂಗಳಿಗೆ ದಿನಕ್ಕೆ ಸುಮಾರು 600 ಎಂಎಲ್, ಹತ್ತರಿಂದ ಹನ್ನೆರಡಕ್ಕೆ ಸುಮಾರು 400. ಅಂದರೆ ಹಾಲು ಇಳಿಯೋದು ಸಹಜವೇ, ನಿಮ್ಮದು ಸ್ವಲ್ಪ ಬೇಗ ಇಳಿದಿದೆ. 800ಕ್ಕೇ ವಾಪಸ್ ಬರಬೇಕು ಅನ್ನೋ ಹಟ ಬಿಡಿ.

ಒಂದು ಅನುಮಾನ. ಆರು ತಿಂಗಳಿಗೆ ಡಬ್ಬಿ ಮೇಲಿರೋ ವಯಸ್ಸಿನ ಹಂತದ ನಂಬರೂ ಬದಲಾಯಿಸಿದ್ರಾ, 1 ಬಿಟ್ಟು 2? ನನ್ನ ತಂಗಿ ಊರಲ್ಲಿ ಹಾಗೆ ಮಾಡಿದಾಗ ಮಗು ಮೂಸಿಯೂ ನೋಡಲಿಲ್ಲ, ರುಚಿ ಬೇರೆ. ಇಲ್ಲಿ ಮೊದಲನೆಯದನ್ನೇ ವರ್ಷದವರೆಗೂ ಕೊಡ್ತಾರೆ. ನಿಮ್ಮ ಡಾಕ್ಟರನ್ನು ಕೇಳಿ, ಹಳೆಯದಕ್ಕೇ ಮರಳಬಹುದೇನೋ, ಅಥವಾ ಎರಡನ್ನೂ ಬೆರೆಸುತ್ತಾ ನಿಧಾನಕ್ಕೆ ಬದಲಾಯಿಸಬಹುದು.

ಬಾಟಲಿಯೇ ಬೇಕು ಅಂತಲೂ ಇಲ್ಲ. ಆರು ತಿಂಗಳಿಂದ ಲೋಟದಲ್ಲಿ ಅಭ್ಯಾಸ ಮಾಡಿಸಿ, ವರ್ಷಕ್ಕೆ ಬಾಟಲಿ ಬಿಡಿಸಿ ಅನ್ನೋದೇ ಇಲ್ಲಿಯ ಪಾಠ.

ಶಿವಮೊಗ್ಗದಿಂದ

ಎಲ್ಲರೂ ಧೈರ್ಯ ಹೇಳ್ತಿದ್ದೀರಿ, ನಾನು ಸ್ವಲ್ಪ ಹೆದರಿಸ್ತೀನಿ, ಕ್ಷಮಿಸಿ. ನನ್ನ ಮಗ ಒಂಬತ್ತನೇ ತಿಂಗಳಲ್ಲಿ ಹಾಲು ಬಿಟ್ಟಾಗ ಎಲ್ಲರೂ "ಹಲ್ಲು ಬರ್ತಿದೆ" ಅಂದರು. ವಸಡೂ ಊದಿತ್ತು, ಜೊಲ್ಲೂ ಸುರೀತಿತ್ತು. ಸಂಜೆ ಹೊತ್ತು ಮೈ ಬೆಚ್ಚಗಾಗ್ತಿದ್ದದ್ದನ್ನೂ ಹಲ್ಲಿನ ಲೆಕ್ಕಕ್ಕೇ ಬರೆದು ಹತ್ತು ದಿನ ಕಳೆದೆವು. ಕೊನೆಗೆ ಮೂತ್ರ ಪರೀಕ್ಷೆ ಮಾಡಿಸಿದಾಗ ಸೋಂಕು. ಹಲ್ಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಔಷಧಿ ಶುರುವಾಗಿ ಮೂರನೇ ದಿನ ತಾನಾಗಿಯೇ ಬಾಟಲಿ ಕೇಳಿದ.

ನಿಮ್ಮ ಮಗಳು ಸರಿ ಖುಷಿಯಾಗಿ ತಿಂತಾಳೆ, ಆಡ್ತಾಳೆ ಅಂದಿದ್ದೀರಿ, ಅದು ಒಳ್ಳೆ ಲಕ್ಷಣ. ಹಾಲು, ಊಟ ಎರಡನ್ನೂ ಬಿಟ್ಟರೆ, ಜ್ವರ ಬಂದರೆ, ಕಿವಿ ಎಳೆದುಕೊಂಡು ಅತ್ತರೆ, ಬಾಯೊಳಗೆ ಒರೆಸಿದರೂ ಹೋಗದ ಬಿಳಿ ಕಲೆ ಕಂಡರೆ ಡಾಕ್ಟರ ಹತ್ತಿರ ಹೋಗಿ. ಉಚ್ಚೆ ದಿನಕ್ಕೆ ಆರು ಸಲವಾದರೂ ಹೋಗ್ತಾಳಾ ನೋಡಿ. ಅದು ತೀರಾ ಕಡಿಮೆಯಾಗಿ, ನೆತ್ತಿ ಗುಳಿ ಬಿದ್ದು, ಅತ್ತರೂ ಕಣ್ಣೀರು ಬರದೆ, ಮಂಕಾಗಿ ಮಲಗಿಬಿಟ್ಟರೆ ಬೆಳಗಾಗಲಿ ಅಂತ ಕಾಯಬೇಡಿ.

ಅಂಗನವಾಡಿ ಟೀಚರ್, ಮಂಡ್ಯ ಕಡೆ

ತೂಕ ಯಾರೂ ಕೇಳ್ಲೇ ಇಲ್ವಲ್ಲ! ಹೆಣ್ಣುಮಕ್ಕಳ ನಡುಮಟ್ಟದ ತೂಕ ಡಬ್ಲ್ಯುಎಚ್‌ಒ ಪಟ್ಟಿಯಲ್ಲಿ 6 ತಿಂಗಳಿಗೆ 7.3 ಕೆ.ಜಿ., 7ಕ್ಕೆ 7.6, 8ಕ್ಕೆ 7.9. ತಿಂಗಳಿಗೆ 300 ಗ್ರಾಂ ಅಷ್ಟೇ ಏರೋದು, ಮೊದಲ ಮೂರು ತಿಂಗಳ ಹಾಗೆ ಮುಕ್ಕಾಲು, ಒಂದು ಕೆ.ಜಿ. ಏರಲ್ಲ. ನಿಮ್ಮ ಪಾಪು ಅದಕ್ಕಿಂತ ಕೆಳಗಿದ್ದರೂ ಪರವಾಗಿಲ್ಲ, ತಾಯಿ ಕಾರ್ಡಿನ ಗೆರೆ ಮೇಲಕ್ಕೆ ಹೋಗ್ತಿರಬೇಕು, ಮಲಗಬಾರದು. ಒಂದೇ ತಕ್ಕಡಿಯಲ್ಲಿ ತೂಗಿಸಿ. ಮನೆಯಲ್ಲೊಂದು, ಮೆಡಿಕಲ್ ಶಾಪಲ್ಲೊಂದು ನೋಡಿ ಗಾಬರಿ ಆಗಬೇಡಿ.

ಕೇಳಿದವರು, ಎರಡೂವರೆ ವಾರದ ನಂತರ

ಎಲ್ಲರಿಗೂ ಒಟ್ಟಿಗೆ ಬರೀತಿದ್ದೀನಿ. ಮೈಸೂರಿನವರ ಪ್ರಶ್ನೆಗೆ ಉತ್ತರ ಬರೆಯೋಕೆ ಕೂತಾಗಲೇ ಅರ್ಧ ಗೊತ್ತಾಯ್ತು: ಸರಿ ಮೂರು ಸಲ, ತುಂಬಿದ ಬಟ್ಟಲು, ನಡುವೆ ನಾಲ್ಕು ಗಂಟೆಗೆ ಅತ್ತೆಯ ಬಾಳೆಹಣ್ಣು. ಹಾಲಿಗೆ ಜಾಗವೇ ಇರಲಿಲ್ಲ. ಡಬ್ಬಿಯ ನಂಬರನ್ನೂ ಅದೇ ವಾರ ಬದಲಾಯಿಸಿದ್ದೆ, ಅದು ಹೊಳೆದೇ ಇರಲಿಲ್ಲ. ಡಾಕ್ಟರ್ ಕಿವಿ, ಗಂಟಲು ನೋಡಿದರು, ಮೂತ್ರ ಪರೀಕ್ಷೆಯೂ ಆಯ್ತು, ಎಲ್ಲ ಸರಿ ಇದೆ. ತೂಕ 7.4 ಇತ್ತು, ನಿನ್ನೆ 7.6. ಕಬ್ಬಿಣದ ಡ್ರಾಪ್ಸ್ ಬರೆದುಕೊಟ್ಟಿದ್ದಾರೆ.

ಎದ್ದ ಕೂಡಲೇ ಹಾಲು, ಸರಿ ಎರಡೇ ಸಲ ಅರ್ಧರ್ಧ ಬಟ್ಟಲು, ಅದಕ್ಕೂ ಹಾಲು ಬೆರೆಸಿ. ಈಗ ಎಲ್ಲ ಸೇರಿ 500, ಕೆಲವು ದಿನ 540. ಮಧ್ಯಾಹ್ನದ ಬಾಟಲಿ ಮಾತ್ರ ಇವತ್ತಿಗೂ ಬೇಡ. ಅವಳಪ್ಪನ ಸ್ಟೀಲ್ ಲೋಟಕ್ಕೆ ಕೈ ಹಾಕ್ತಾಳೆ ಅಂತ ಅದರಲ್ಲೇ ಕೊಟ್ಟೆ. ಮೂವತ್ತು ಎಂಎಲ್ ಹೊಟ್ಟೆಗೆ, ಮೂವತ್ತು ಅಂಗಿಗೆ.

ಇದನ್ನು ನೋಡಿ ಅತ್ತೆ ಅಟ್ಟದ ಪೆಟ್ಟಿಗೆಯಿಂದ ನಮ್ಮೆಜಮಾನರಿಗೆ ಹಾಲು ಹಾಕ್ತಿದ್ದ ಬೆಳ್ಳಿ ಒಳಲೆ ತೆಗೆದಿದ್ದಾರೆ. ಇದ್ದಿಲಿನ ಹಾಗೆ ಕಪ್ಪಾಗಿದೆ, ಮೂತಿಯೊಳಗೆ ಬೆರಳೂ ಹೋಗಲ್ಲ. ಹೇಗೆ ತೊಳೆಯೋದು?

ಪುತ್ತೂರಿನ ಅಜ್ಜಿ

ವಿಭೂತಿ ಹಾಕಿ ಉಜ್ಜಿ. ಮೂತಿಗೆ ಬಟ್ಟೆಯ ಬತ್ತಿ ಹೊಸೆದು ಎಳೆಯಿರಿ. ಆಮೇಲೆ ಹತ್ತು ನಿಮಿಷ ಕುದಿಯುವ ನೀರಿನಲ್ಲಿ ಹಾಕಿಡಿ. ಮಲಗಿಸಿ ಹುಯ್ಯಬೇಡಿ, ಕೂರಿಸಿಕೊಂಡು ಕೊಡಿ.