ಮಗ್ಗದ ಸದ್ದಿಗೆ ಮಂದವಾದ ಕಿವಿಗೆ ಆಂಟಿಆಕ್ಸಿಡೆಂಟ್ ಮಾತ್ರೆಯಿಂದ ಪ್ರಯೋಜನವಿದೆಯೇ?

ಪ್ರಶ್ನೆ: ಮಗ್ಗದ ಮನೆ

ನಮ್ಮ ತಂದೆಯವರು ದೊಡ್ಡಬಳ್ಳಾಪುರದಲ್ಲಿ 28 ವರ್ಷ ವಿದ್ಯುತ್ ಮಗ್ಗ ನಡೆಸಿದವರು. ಎದುರು ಕುಳಿತು ಮಾತನಾಡಿದರೆ ಅವರಿಗೆ ಕೇಳಿಸುತ್ತದೆ. ಆದರೆ ನಾಲ್ಕು ಜನ ಸೇರಿದ ಕಡೆ ‘ಸಾರು ಬಡಿಸಲೇ’ ಎಂದರೆ ‘ಯಾರು’ ಎಂದು ಕೇಳುತ್ತಾರೆ. ಶ್ರವಣ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಂನ ಗೆರೆ 4,000 ಹರ್ಟ್ಸ್ ಬಳಿ ಹಳ್ಳದಂತೆ ಇಳಿದು, 8,000ದ ಕಡೆಗೆ ಸ್ವಲ್ಪ ಮೇಲೇರಿದೆ. ಔಷಧಿ ಅಂಗಡಿಯವರು ಆರು ತಿಂಗಳು ಆಂಟಿಆಕ್ಸಿಡೆಂಟ್ ಮಾತ್ರೆ ಕೊಡಿ ಎನ್ನುತ್ತಿದ್ದಾರೆ. ಕೊಡಬಹುದೇ? ನನ್ನ ತಮ್ಮನೂ ಈಗ ಅದೇ ಶೆಡ್ಡಿನಲ್ಲಿ ದುಡಿಯುತ್ತಿದ್ದಾನೆ.

ಉತ್ತರ: ಶ್ರವಣ ತಜ್ಞೆ

ತಾವು ಹೇಳಿದ ಹಳ್ಳವು ಸದ್ದಿನಿಂದಾದ ಹಾನಿಯ ಪರಿಚಿತ ಗುರುತು. ಒಳಗಿವಿಯ ಸುರುಳಿಯಾಕಾರದ ಕಾಕ್ಲಿಯಾದಲ್ಲಿ ಸದ್ದಿಗೆ ಸ್ಪಂದಿಸುವ ರೋಮಕೋಶಗಳಿವೆ; ಒಂದು ಕಿವಿಗೆ ಸುಮಾರು 12,000 ಹೊರ ರೋಮಕೋಶಗಳೂ 3,500 ಒಳ ರೋಮಕೋಶಗಳೂ ಇರುತ್ತವೆ. ಸದ್ದು ಜೋರಾದಷ್ಟೂ ಇವು ಹೆಚ್ಚು ಆಮ್ಲಜನಕ ಬಳಸಿ ದುಡಿಯುತ್ತವೆ, ಹಾಗೆ ದುಡಿಯುವಾಗ ಹುಟ್ಟುವ, ಕೋಶಕ್ಕೆ ಹಾನಿ ಮಾಡುವ ಮುಕ್ತ ರ‍್ಯಾಡಿಕಲ್‌ಗಳನ್ನು ಕೋಶದಲ್ಲಿರುವ ಗ್ಲುಟಾಥಯೋನ್‌ನಂಥ ಆಂಟಿಆಕ್ಸಿಡೆಂಟ್ ವಸ್ತುಗಳು ತಣಿಸುತ್ತವೆ. ತಣಿಸುವ ಶಕ್ತಿಯನ್ನು ಮೀರಿ ಅವು ಹುಟ್ಟಿದಾಗ ಕೋಶದ ಪೊರೆಯೇ ಕೆಟ್ಟು, ಕೋಶ ಸಾಯುತ್ತದೆ. ತೀಕ್ಷ್ಣ ಧ್ವನಿಗಳನ್ನು ಗ್ರಹಿಸುವ, ಕಾಕ್ಲಿಯಾದ ಬುಡದ ಭಾಗದ ಹೊರ ರೋಮಕೋಶಗಳಲ್ಲಿ ಗ್ಲುಟಾಥಯೋನ್ ಕಡಿಮೆಯಿರುವುದರಿಂದ ಅವೇ ಮೊದಲು ಹೋಗುತ್ತವೆ. ‘ಸ’ಕಾರ ತಪ್ಪಿಹೋಗುವುದಕ್ಕೆ ಇದೂ ಒಂದು ಕಾರಣ.

ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ, ಸದ್ದು ನಿಂತ ಮೇಲೂ ಈ ಹಾನಿ ವಾರದಿಂದ ಹತ್ತು ದಿನ ಮುಂದುವರಿದದ್ದು ಕಂಡಿದೆ. ಔಷಧಕ್ಕೆ ಅವಕಾಶವಿದ್ದರೆ ಆ ದಿನಗಳಲ್ಲೇ. ಸತ್ತ ರೋಮಕೋಶ ಹಕ್ಕಿಗಳಲ್ಲಿ ಮತ್ತೆ ಬೆಳೆಯುತ್ತದೆ, ಮನುಷ್ಯನಲ್ಲಿ ಬೆಳೆಯುವುದಿಲ್ಲ. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಆಂಟಿಆಕ್ಸಿಡೆಂಟ್ ಪ್ರಾಣಿಗಳಲ್ಲಿ ಭರವಸೆ ಹುಟ್ಟಿಸಿದರೂ ಮನುಷ್ಯರಲ್ಲಿ ಒಂದೇ ತೆರನಾದ ಫಲ ಸಿಕ್ಕಿಲ್ಲ. ದಯವಿಟ್ಟು ಆ ಆರು ತಿಂಗಳ ಹಣವನ್ನು ಶ್ರವಣ ಸಾಧನಕ್ಕೆ ಇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಂದೆಯವರಿಗೆ ಹೊಂದುವ ಸಾಧನವನ್ನು ಪರೀಕ್ಷಿಸಿ ಆರಿಸಿಕೊಳ್ಳಬಹುದು.

ಉತ್ತರ: ಆಸ್ಪತ್ರೆ ಫಾರ್ಮಸಿ

ಸಮಯ ಎಷ್ಟು ಮುಖ್ಯ ಎಂಬುದಕ್ಕೆ ಸಿಸ್‌ಪ್ಲಾಟಿನ್ ಒಂದು ಉದಾಹರಣೆ. ಈ ಕ್ಯಾನ್ಸರ್ ಔಷಧವೂ ಒಳಗಿವಿಯಲ್ಲಿ ಇದೇ ಬಗೆಯ ಹಾನಿ ಮಾಡುತ್ತದೆ. ಯಕೃತ್ತಿನ ಕ್ಯಾನ್ಸರ್ ಇದ್ದ ಮಕ್ಕಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿ ಡೋಸ್ ಮುಗಿದ ಆರು ಗಂಟೆಗೆ ಕಿವಿ ಕಾಯುವ ಸೋಡಿಯಂ ಥಯೋಸಲ್ಫೇಟ್ ಔಷಧ ಪಡೆದವರಲ್ಲಿ ಶೇ. 33ರಷ್ಟು, ಪಡೆಯದವರಲ್ಲಿ ಶೇ. 63ರಷ್ಟು ಮಕ್ಕಳ ಶ್ರವಣಕ್ಕೆ ಹಾನಿಯಾಯಿತು. ಅಮೆರಿಕ 2022ರಲ್ಲಿ ಇದಕ್ಕೆ ಅನುಮತಿ ಕೊಟ್ಟಿತು. ಬೇಗ ಕೊಟ್ಟರೆ ಅದು ಸಿಸ್‌ಪ್ಲಾಟಿನ್ ಅನ್ನೇ ಹಿಡಿದು ನಿಷ್ಕ್ರಿಯಗೊಳಿಸೀತು, ತಡವಾದರೆ ಕಿವಿಗೆ ಉಳಿಗಾಲವಿಲ್ಲ. ಮಗ್ಗದ ಸದ್ದಿಗೆ ಅಂಥದ್ದೊಂದು ಔಷಧ ಇನ್ನೂ ಬಂದಿಲ್ಲ.

ಉತ್ತರ: ಶ್ರವಣ ತಜ್ಞೆ

ತಮ್ಮನವರ ವಿಷಯ ಹೆಚ್ಚು ತುರ್ತಿನದು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆಗೆ ಮಿತಿ ಎಂದಿಟ್ಟುಕೊಂಡರೆ, ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ; 100 ಡೆಸಿಬೆಲ್‌ಗೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ಹತ್ತಿ ತುರುಕಿಕೊಂಡರೆ ಸಾಲದು. ಫೋಮ್ ಇಯರ್‌ಪ್ಲಗ್ಗನ್ನು ಬೆರಳುಗಳ ನಡುವೆ ಬತ್ತಿಯಂತೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಅರಳುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು.

ಮಗ್ಗದ ಮನೆ

ಮಾತ್ರೆ ಕೊಳ್ಳಲಿಲ್ಲ. ತಮ್ಮ ನಿನ್ನೆ ಪ್ಲಗ್ ಹಾಕಿಕೊಂಡ. ಮಗ್ಗದ ಬಡಿತ ಬದಲಾದುದರಿಂದಲೇ ನಾವು ತೊಂದರೆ ಗುರುತಿಸುವವರು, ಅದು ಕೇಳಿಸದೆ ಹೋದರೆ ಬಟ್ಟೆ ಕೆಡುತ್ತದೆ ಎಂಬುದು ಅವನ ಆತಂಕ.

ಶ್ರವಣ ತಜ್ಞೆ

ಆ ಆತಂಕ ನ್ಯಾಯವಾದದ್ದೇ. ಪ್ಲಗ್ ಸದ್ದನ್ನು ತಗ್ಗಿಸುತ್ತದೆ, ಅಳಿಸುವುದಿಲ್ಲ. ಬಡಿತದ ವ್ಯತ್ಯಾಸ ತಗ್ಗಿದ ಸದ್ದಿನಲ್ಲೂ ತಿಳಿಯುತ್ತದೆ, ಅದಕ್ಕೆ ಕಿವಿ ಒಗ್ಗಲು ಕೆಲವು ದಿನ ಬೇಕಾಗಬಹುದು. ಅಲ್ಲಿಯವರೆಗೆ ಒಂದು ಮಗ್ಗ ಕಡಿಮೆ ನೋಡಿಕೊಳ್ಳಲು ಸಾಧ್ಯವೇ ಎಂದು ಮಾಲೀಕರನ್ನು ಕೇಳಿ, ಪ್ಲಗ್ಗನ್ನು ಮಾತ್ರ ತೆಗೆಯದಿರಲಿ.