ಮುಚ್ಚಿದ ಗಣಿಯ ಬ್ಯಾಂಕ್ ಗ್ಯಾರಂಟಿ ಬಿಡುವ ಮುಂಚೆ ಸ್ಥಳದಲ್ಲಿ ಏನು ನೋಡಬೇಕು?

ಕಲ್ಲು_ಹುಡುಗಿ:
ನಮಸ್ಕಾರ. ಸಂಡೂರು ತಾಲ್ಲೂಕಿನಲ್ಲಿ ಒಂದು ಚಿಕ್ಕ ಕಬ್ಬಿಣದ ಅದಿರಿನ ಗಣಿ, ಬಿ ಕೆಟಗರಿ, ಅಂದರೆ ಚಿಕ್ಕ ಗಣಿಗಳ ವರ್ಗ. ಅದಿರು ಮುಗಿದಿದೆ. ಫೈನಲ್ ಕ್ಲೋಷರ್ ಪ್ಲಾನ್ (ಗಣಿ ಮುಚ್ಚುವ ಯೋಜನೆ) ಪ್ರಕಾರ ಎಲ್ಲ ಮಾಡಿದ್ದೇವೆ, ಆ ಕೆಲಸಕ್ಕೆ ಭದ್ರತೆಯಾಗಿ ಇಟ್ಟ ಬ್ಯಾಂಕ್ ಗ್ಯಾರಂಟಿ ವಾಪಸ್ ಕೊಡಿ ಅಂತ ಲೀಸ್‌ನವರು ಅರ್ಜಿ ಹಾಕಿದ್ದಾರೆ. ತಪಾಸಣೆಗೆ ಹೋಗುವ ಸಾಹೇಬರ ಜೊತೆ ನಾನೂ ಹೋಗಬೇಕು. ಕೆಲಸಕ್ಕೆ ಸೇರಿ ಎಂಟೇ ತಿಂಗಳು, ಇಂಥದ್ದು ಇದೇ ಮೊದಲು. ಅವರು ಕಳಿಸಿದ ಫೋಟೋಗಳಲ್ಲಿ ಎಲ್ಲಾ ಹಸಿರೋ ಹಸಿರು. ಅಕ್ಟೋಬರ್ ಮೊದಲ ವಾರ ಬನ್ನಿ ಅಂತಿದ್ದಾರೆ. ಪ್ಲಾನ್ ಹಿಡಿದು ಟಿಕ್ ಹಾಕಿಕೊಂಡು ಬಂದರೆ ಸಾಕಾ?

ಹಳೇ_ಸರ್ವೇಯರ್:
ಅಕ್ಟೋಬರ್‌ಗೇ ಯಾಕೆ ಕರೆಯುತ್ತಾರೆ ಗೊತ್ತೇನಮ್ಮಾ? ಆಗ ನಮ್ಮ ಕಡೆ ತಿಪ್ಪೆಯೂ ಹಸಿರಾಗಿರುತ್ತದೆ!

ನಾನು 28 ವರ್ಷ ಗಣಿಗಳಲ್ಲೇ ಸರ್ವೇ ಮಾಡಿದವನು. ಅಂದರೆ ನಿಮ್ಮಂಥವರನ್ನು ಕರೆದುಕೊಂಡು ಹೋಗಿ ಗಿಡ ತೋರಿಸುವವರ ಕಡೆಯವನು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಳನ್ನು ನಿಲ್ಲಿಸಿದ ಮೇಲೆ ಒಂದೊಂದು ಲೀಸ್‌ಗೂ ಆರ್ ಅಂಡ್ ಆರ್ ಪ್ಲಾನ್ (ಹಾಳಾದ ನೆಲ ಸರಿಪಡಿಸುವ ಯೋಜನೆ) ಬಂತಲ್ಲ, ಆಗ ಟೋ ವಾಲ್ (ಮಣ್ಣಿನ ರಾಶಿಯ ಬುಡಕ್ಕೆ ಕಟ್ಟುವ ಗೋಡೆ), ಚೆಕ್ ಡ್ಯಾಂ (ಹಳ್ಳಕ್ಕೆ ಅಡ್ಡ ಕಟ್ಟುವ ಚಿಕ್ಕ ಒಡ್ಡು), ಕಾಯರ್ ಮ್ಯಾಟ್ (ಇಳಿಜಾರಿಗೆ ಹೊದಿಸುವ ತೆಂಗಿನ ನಾರಿನ ಚಾಪೆ) ಅಂತ ನಿಜವಾಗಿಯೂ ಬಹಳ ಕೆಲಸ ಆಯಿತು. ತೋರಿಕೆಗೆ ಆದದ್ದೂ ಇದೆ. ಒಂದು ಗಣಿಯಲ್ಲಿ, ಹೆಸರು ಬೇಡ, ಬಂದ ಅಧಿಕಾರಿ ಹೊಂಗೆ ಸಸಿಯೊಂದನ್ನು ಸುಮ್ನೆ ಹಿಡಿದು ಎಳೆದರು. ಕಪ್ಪು ಪಾಲಿಥೀನ್ ಚೀಲದ ಸಮೇತ ಕೈಗೆ ಬಂತು. ಹಿಂದಿನ ದಿನ ನೆಟ್ಟದ್ದು. ನಾನು ಪಕ್ಕದಲ್ಲೇ ಪ್ಲಾನ್ ಹಿಡಿದು ನಿಂತಿದ್ದೆ. ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಜೀಪು ನಿಲ್ಲುವ ಕಡೆ ಯಾವಾಗಲೂ ಚೆನ್ನಾಗಿರುತ್ತದೆ. ವಗ್ಗರಣೆ ಮಿರ್ಚಿ, ಟೀ ಎಲ್ಲಾ ಅಲ್ಲೇ. ತಿನ್ನಿ, ಆದರೆ ಡಂಪನ್ನು, ಅಂದರೆ ಗಣಿಯಿಂದ ತೆಗೆದು ಸುರಿದ ಮಣ್ಣು ಕಲ್ಲಿನ ರಾಶಿಯನ್ನು, ಮೇಲಿಂದ ನೋಡಬೇಡಿ. ಕೆಳಗೆ ಹಳ್ಳದಿಂದ ಶುರು ಮಾಡಿ ಹತ್ತಿ. ಹಳ್ಳದ ಮರಳಿನ ಮೇಲೆ ಕೆಂಪು ರಾಡಿ ಕೂತಿದ್ದರೆ ಮೇಲೆ ಎಲ್ಲೋ ಸೋರುತ್ತಿದೆ. ಟೋ ವಾಲ್‌ನಲ್ಲಿ ನೀರು ಹೋಗುವ ಕಿಂಡಿ ಮುಚ್ಚಿಕೊಂಡಿದೆಯಾ ನೋಡಿ. ಚೆಕ್ ಡ್ಯಾಂ ಬಾಯಿ ತನಕ ಹೂಳು ತುಂಬಿದ್ದರೆ ಇಷ್ಟು ದಿನ ಕೆಲಸ ಮಾಡಿದೆ ಅಂತ ಅರ್ಥ, ಮುಂದಿನ ಮಳೆಗೆ ಮಾಡುವುದಿಲ್ಲ ಅಂತಲೂ ಅರ್ಥ. ಗ್ಯಾರಂಟಿ ಬಿಟ್ಟ ಮೇಲೆ ಆ ಹೂಳು ಎತ್ತುವವರು ಯಾರು? ಡಂಪಿನ ಮೈಯಲ್ಲಿ ಬೆರಳು ಮುಳುಗುವಷ್ಟು ಸೀಳು ಕಂಡರೂ ಬರೆದುಕೊಳ್ಳಿ, ಎರಡು ಮಳೆಗಾಲಕ್ಕೆ ಅದರಲ್ಲಿ ಮಂಡಿ ಮುಳುಗುತ್ತದೆ.

ಒಂದು ಗುದ್ದಲಿ ತೆಗೆದುಕೊಂಡು ಹೋಗಿ. ಮೇಲ್ಮಣ್ಣು ಹಾಸಿದ್ದೇವೆ ಅಂತಾರೆ, ಅಗೆದರೆ ಎರಡು ಇಂಚಿಗೇ ಟಣ್ ಅಂತ ಕಲ್ಲು ಸಿಗುತ್ತದೆ. ಇನ್ನೊಂದು ಮಾತು, ಟ್ಯಾಂಕರ್ ನೀರು ಯಾವಾಗ ನಿಲ್ಲಿಸಿದಿರಿ ಅಂತ ಕೇಳಿ. ಮ್ಯಾನೇಜರನ್ನಲ್ಲ, ವಾಚ್‌ಮನ್‌ನನ್ನು. ಆಗುವುದಾದರೆ ಏಪ್ರಿಲ್‌ನಲ್ಲಿ ಇನ್ನೊಂದು ಸಲ ಹೋಗಿ. ನೀರು ಹಾಕದೆ ಬೇಸಿಗೆ ದಾಟಿದ್ದೇ ಗಿಡ.

ವರ್ಜೀನಿಯಾ_ದಾವಣಗೆರೆ:
ಸರ್ವೇಯರ್ ಸಾರ್ ಹೇಳಿದ ಟ್ಯಾಂಕರ್ ಮಾತು ಇಲ್ಲಿ ಕಾನೂನೇ ಆಗಿದೆ. ನಾನು ವೆಸ್ಟ್ ವರ್ಜೀನಿಯಾದಲ್ಲಿ ಕಲ್ಲಿದ್ದಲು ಗಣಿಗಳ ಕೆಲಸದಲ್ಲಿದ್ದೇನೆ. ಅಮೆರಿಕದ 1977ರ ಕಾಯ್ದೆಯಲ್ಲಿ ಬಾಂಡ್, ಅಂದರೆ ನಿಮ್ಮ ಗ್ಯಾರಂಟಿಯಂಥ ಭದ್ರತೆಯ ಹಣ, ಒಂದೇ ಸಲ ಬಿಡುವುದಿಲ್ಲ. ಗುಂಡಿ ತುಂಬಿ, ನೆಲ ಸಮ ಮಾಡಿ, ನೀರಿನ ದಾರಿ ಸರಿ ಮಾಡಿದರೆ ಹೆಚ್ಚೆಂದರೆ ಶೇ. 60. ಹಸಿರು ನೆಲೆ ನಿಂತ ಮೇಲೆ ಇನ್ನಷ್ಟು. ಉಳಿದದ್ದಕ್ಕೆ ಕೊನೆಯ ಸಲ ಬಿತ್ತಿ, ಗೊಬ್ಬರ, ನೀರು ಕೊಟ್ಟ ವರ್ಷದಿಂದ ಐದು ವರ್ಷ ಕಾಯಬೇಕು. ವರ್ಷಕ್ಕೆ 26 ಇಂಚು ಅಥವಾ ಅದಕ್ಕಿಂತ ಕಡಿಮೆ ಮಳೆಯ ಕಡೆ ಹತ್ತು ವರ್ಷ. ನಡುವೆ ಮತ್ತೆ ದೊಡ್ಡದಾಗಿ ಬಿತ್ತಿದರೆ ಲೆಕ್ಕ ಮೊದಲಿಂದ ಶುರು. ಕಂಪನಿಯವರು ನಾಲ್ಕು ವಾರ ಪೇಪರಿನಲ್ಲಿ ಜಾಹೀರಾತನ್ನೂ ಕೊಡಬೇಕು, ಅಕ್ಕಪಕ್ಕದವರು ತಕರಾರು ಹೇಳಲಿ ಅಂತ. ಇಷ್ಟೆಲ್ಲಾ ಇದ್ದೂ ಇಲ್ಲಿಯೂ ಕಳ್ಳಾಟ ಇದೆ ಬಿಡಿ.

ಹಳೇ_ಸರ್ವೇಯರ್:
ನಮ್ಮಲ್ಲಿ ಗ್ಯಾರಂಟಿಯ ದುಡ್ಡೂ ಕಡಿಮೆ. ಮೊದಲು ಬಿ ಕೆಟಗರಿಗೆ ಹೆಕ್ಟೇರಿಗೆ 15 ಸಾವಿರ ಇತ್ತು, 2017ರಲ್ಲಿ 2 ಲಕ್ಷ, 2021ರಲ್ಲಿ 3 ಲಕ್ಷ ಆಯಿತು. ಅದೇ 2021ರ ತಿದ್ದುಪಡಿಯಲ್ಲಿ 50 ಹೆಕ್ಟೇರ್ ಮೇಲಿನ ಲೀಸ್‌ನವರು ವರ್ಷವರ್ಷ ಡ್ರೋನ್ ಚಿತ್ರ ಕೊಡಬೇಕು ಅಂತಲೂ ಬಂತು. ನಿಮ್ಮದು ಚಿಕ್ಕದು, ಆದರೂ ಹಳೇ ಫೋಟೋ ಏನಿದೆ ಕೇಳಿ ನೋಡಿ.

ಹಳ್ಳದ_ಹೊಲದವ:
ತಂಗೀ, ಇಳಿಜಾರಿನ ಹೊಲದವರನ್ನೂ ಒಂದು ಮಾತು ಕೇಳು. ನಮ್ಮ ಜೋಳದ ಸಾಲಿನಲ್ಲಿ ಕೆಮ್ಮಣ್ಣು ಎಲ್ಲಿ ತನಕ ನಿಂತಿತ್ತು ಅಂತ ಬದುವಿನ ಕಲ್ಲಿನ ಮೇಲೆ ಈಗಲೂ ಗೆರೆ ಇದೆ. ಯಾವ ಸಾಹೇಬರೂ ಇಳಿದು ಬಂದು ನೋಡಿಲ್ಲ.

ಕಲ್ಲು_ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಏಪ್ರಿಲ್ ವಿಷಯ ಸಾಹೇಬರಿಗೆ ಹೇಳಿದೆ. “ಎರಡು ಸಲ ಹೋದರೆ ಟಿಎ ಯಾರು ಕೊಡ್ತಾರೆ?” ಅಂದರು. ಆಮೇಲೆ ಹಳ್ಳದಿಂದ ಹತ್ತೋಣ ಅಂದಾಗ ನನ್ನ ಚಪ್ಪಲಿ ನೋಡಿ, ಶೂ ಹಾಕಿಕೊಂಡು ಬಾ ಅಂದರು. ಹೊಲದಣ್ಣಾ, ನಿಮ್ಮ ಊರು ಯಾವುದು ಅಂತ ಮೆಸೇಜ್ ಮಾಡ್ತೀರಾ?